ಬೆವರಿದ ಕಲ್ಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಕಲ್ಲನ್ನು ಕೆಡಿಸಿದ ಕೋತಿ ನಾನೇ.

ಲೇತ್ ಮಾವನ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದಂತೆ ಕಪ್ಪಗೆ ಹೊಳೆಯುತ್ತಿತ್ತು. ಕಿವಿಯ ಮೇಲೆ ಸದಾ ಒಂದು ಬೀಡಿ. ನಮಗೇನೂ ನೆಂಟರಲ್ಲ, ಪಕ್ಕದ ಮನೆಯವರು. ಕೊಡಿಗೇನಹಳ್ಳಿ ಬಸ್ ನಿಲ್ದಾಣದ ಹಿಂದೆ ಲೇತ್ ಅಂಗಡಿ. ವಾರವೆಲ್ಲ ಟ್ರ್ಯಾಕ್ಟರ್ ಬಿಡಿಭಾಗ ಕಡೆಯುತ್ತಿದ್ದ ಮನುಷ್ಯ ಭಾನುವಾರ ಬಂತೆಂದರೆ ಕೋಲಿನ ತುದಿಗೆ ಹಳೇ ಸ್ಪೀಕರಿನ ಅಯಸ್ಕಾಂತ ಕಟ್ಟಿಕೊಂಡು, ಆಕಾಶದಿಂದ ಬಿದ್ದ ಕಲ್ಲು ಹುಡುಕುತ್ತ ಪಾವಗಡದ ಬೀಳುಗಳಲ್ಲಿ ಅಲೆಯುತ್ತಿದ್ದರು. ಅವರ ನಡಿಗೆಯನ್ನು ನಾನು ಅಣಕಿಸುತ್ತಿದ್ದೆ: ಸೊಂಟ ಬಗ್ಗಿಸಿ, ಮೂಗುತಿ ಕಳಕೊಂಡ ಮದುಮಗಳಂತೆ. ನೋಡಿ ಎಲ್ಲರಿಗಿಂತ ಮೊದಲು ನಗುತ್ತಿದ್ದವರು ಅವರೇ.

ತಂದದ್ದೆಲ್ಲ ಬಹುಪಾಲು ಕುಲುಮೆಯ ಕಿಟ್ಟ. ನಿಜವಾದದ್ದು ಒಂದೇ. ಬಲಸಮುದ್ರದ ಹತ್ತಿರ ಸೋಲಾರ್ ಕಂಬಕ್ಕೆ ಗುಂಡಿ ತೋಡುವಾಗ ಎದ್ದ ಮುಷ್ಟಿಗಾತ್ರದ ಕಬ್ಬಿಣ. ಅದರ ಒಂದು ಮಗ್ಗುಲು ಕೊಯ್ದು, ಉಜ್ಜಿ, ಆ್ಯಸಿಡ್ ಸವರಿದಾಗ ಈಚಲು ಚಾಪೆಯ ಹೆಣಿಗೆಯಂಥ ಗೆರೆಗಳು ಎದ್ದವು.

“ಈ ಗೆರೆ ಭೂಮಿ ಮ್ಯಾಲಿನ ಯಾವ ಲೇತ್ನಾಗೂ ಬರಲ್ಲ ಕಣ್ಲಾ. ಬರಿಗೈಲಿ ಮುಟ್ಬ್ಯಾಡ, ಬೆವರು ತಾಕಿದ್ರೆ ಸಾಯ್ತೈತೆ,” ಎಂದಿದ್ದರು. ಚಪ್ಪಲಿ ಡಬ್ಬಿಗಳಲ್ಲಿ ಸಿಗುವ, ತೇವ ಹೀರುವ ಪೊಟ್ಟಣಗಳನ್ನು ಗಾಜಿನ ಬಾಟಲಿಗೆ ತುಂಬಿ, ಅದರ ನಡುವೆ ಕಲ್ಲನ್ನು ಮಲಗಿಸಿದ್ದರು.

ಆಯುಧಪೂಜೆಯ ದಿನ ಲೇತ್ ತೊಳೆದು ಕುಂಕುಮವಿಟ್ಟು ಮಾವ ಬೂದುಗುಂಬಳ ತರಲು ಹೋದರು. ನಾನು ಸುಮ್ಮನಿರಬೇಕಲ್ಲ! ಪೂಜೆಗೆಂದು ಅವರು ಮನೆಯಿಂದ ತಂದಿದ್ದ ಕಲ್ಲನ್ನು ಬಾಟಲಿಯಿಂದ ತೆಗೆದು ಲೇತ್ ಮೇಲೆ ಕೂರಿಸಿ, ನಮ್ಮ ಪೂಜಾರಪ್ಪನ ಮೂಗುದನಿಯಲ್ಲಿ ಮಂತ್ರ ಹೊಡೆಯುತ್ತ ಅಭಿಷೇಕ ಮಾಡಿದೆ. ಒಂದು ಚೊಂಬು ಬೋರ್ ನೀರು, ಮೇಲೊಂದು ಎಳನೀರು. ನಮ್ಮೂರ ಬೋರ್ ನೀರೋ, ಬಿಂದಿಗೆಯ ತಳದಲ್ಲೇ ಉಪ್ಪು ಕಟ್ಟುವಂಥದ್ದು. ಕೆಲಸಗಾರರು ಬಿದ್ದು ಬಿದ್ದು ನಕ್ಕರು. ಕಲ್ಲನ್ನು ಲುಂಗಿಯಲ್ಲಿ ಒರೆಸಿ, ಬಾಟಲಿಗೆ ಹಾಕಿ ಮುಚ್ಚಳ ಬಿಗಿದೆ.

ದೀಪಾವಳಿಯ ಹೊತ್ತಿಗೆ ಕಲ್ಲು ಬೆವರತೊಡಗಿತು. ಕೆಂಗಂದು ಬಣ್ಣದ ಹನಿಗಳು. ಮಾವ ಒರೆಸಿದರು, ಬಲ್ಬಿನ ಕಾವು ಕೊಟ್ಟರು, ಎಣ್ಣೆ ಸವರಿದರು. ಬೆಳಗಾದರೆ ಮತ್ತೆ ಹನಿ. ಚಾಪೆಯ ಹೆಣಿಗೆ ಎಳೆ ಎಳೆಯಾಗಿ ಬಿಚ್ಚಿ ಹಕ್ಕಳೆ ಉದುರಿತು.

“ಯಾರ್ ಮುಟ್ಟಿದ್ರಿ?” ಎಂದು ಒಮ್ಮೆ ಮಾತ್ರ ಕೇಳಿದರು. ಏನೂ ಅರಿಯದವನ ಮುಖ ನಾನು ಚೆನ್ನಾಗಿ ನಟಿಸುತ್ತೇನೆ. ನಟಿಸಿದೆ.

ಅದೇ ವಾರ ಮಾವನೂ ಬೆವರತೊಡಗಿದರು. ಕಾರ್ತಿಕದ ಚಳಿಯಲ್ಲಿ ಬನಿಯನ್ ಹಿಂಡುವಷ್ಟು ಒದ್ದೆ. ಕೆಮ್ಮು, ಕಫದಲ್ಲಿ ಅದೇ ಕೆಂಗಂದು. ತುಮಕೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಕೈಚೆಲ್ಲಿ ಮನೆಗೆ ಕಳಿಸಿದರು. ಅವರ ಹೆಂಡತಿ, ನಮ್ಮ ಅತ್ತೆ, ಬಾಟಲಿಯನ್ನು ನನ್ನ ಕೈಗೇ ತುರುಕಿದರು.

“ಮ್ಯಾಲಿಂದ ಬಿದ್ದದ್ನ ಮನೇಲಿಕ್ಬ್ಯಾಡಿ ಅಂತ ಬಡ್ಕಂಡೆ. ಇವರ್ನ ಕರ್ಕಂಡೋಗಕ್ಕೇ ಬಂದೈತೆ ಕಣಪ್ಪ. ಕೆರೆಗಾಕ್ಬುಟ್ಟು ಬಾ.”

ಕೆರೆ ಏರಿಯವರೆಗೂ ಹೋದೆ. ಬಾಟಲಿಯೊಳಗೆ ಹಕ್ಕಳೆ ಗಿಲಿಗಿಲಿ ಎನ್ನುತ್ತಿತ್ತು. ಎಸೆದರೆ ಮಾವ ಉಳಿದಾರೇನೋ. ಆದರೆ ತಪ್ಪು ಕಲ್ಲಿನದಲ್ಲವಲ್ಲ. ತಿರುಗಿ ಬಂದು ಮಂಚದ ಪಕ್ಕ ಕೂತೆ. ಅಣಕಿಸಲು ಯಾರ ದನಿಯೂ ಬರಲಿಲ್ಲ, ನನ್ನದೇ ಬಂತು.

“ಮಾವ, ನೀರುಯ್ದೋನು ನಾನು. ಕಲ್ಲೂ ನನ್ನಿಂದ್ಲೇ ಕೆಡ್ತು, ನಿಮಗೂ ನನ್ನಿಂದ್ಲೇ ಇಂಗಾಯ್ತು.”

ಸಂಕ್ರಾಂತಿಗೆ ಮುಂಚೆಯೇ ಅವರು ಹೋದರು. ಬಾಟಲಿ ನನ್ನ ಬಳಿಯಿದೆ. ತಿಂಗಳಿಗೊಮ್ಮೆ ಪೊಟ್ಟಣ ಬದಲಿಸುತ್ತೇನೆ. ನಾನು ಒಪ್ಪಿಕೊಂಡ ಆ ದಿನ ಅವರು ಅತ್ತೆಯತ್ತ ನೋಡಿ, ನನ್ನತ್ತ ತಿರುಗಿ, ಕೆಮ್ಮು ನಿಲ್ಲುವವರೆಗೆ ಕಾದು ಅಂದರು:

“ಕಲ್ಲು ಕೆಡಿಸ್ದೋನು ನೀನೇ, ಒಪ್ಕಂತೀನಿ. ನನ್ನ ಸಾಯ್ಸೋ ಕೆಲ್ಸಾನ ನಲವತ್ತು ವರ್ಸದಿಂದ ಬೀಡಿ ಮಾಡ್ತೈತೆ. ಅದ್ರ ಹೆಸ್ರು ನೀನ್ಯಾಕ್ಲಾ ಹೊಡ್ಕಂತೀಯ?”