ಎರಡು ಕಾಲು, ಒಂದೇ ಸದ್ದು

ಬೆಳಗಿನ ಐದೂವರೆ. ಹಿಂದೂಪುರದ ಹುಣಸೆ ಮಂಡಿಯ ಹಿಂದಿನ ಗೋದಾಮಿನಲ್ಲಿ ದೀಪವಿಲ್ಲ. ಕತ್ತಲೊಳಗೆ ಕಬ್ಬಿಣದ ಬಾರ್ ಕಿರುಗುಟ್ಟಿ ಮೇಲೇಳುತ್ತದೆ. ಆಮೇಲೆ ಸಿಮೆಂಟಿನ ಮೇಲೆ ಪಾದಗಳು: ಟಪ್... ಟಪ್.

"ಎರಡು ಸದ್ದು ಬಿದ್ವು ಕಣಮ್ಮ. ಒಂದೇ ಬೀಳ್ಬೇಕು. ಮಳ್ಳಾ ಎತ್ತು, ಇನ್ನೊಂದ್ಸಲ," ಎನ್ನುತ್ತಾರೆ ಗೋಡೆಗೊರಗಿ ಕೂತ ಕರಿಸಿದ್ದಪ್ಪ. ಅವರಿಗೆ ದೀಪ ಬೇಕಿಲ್ಲ. "ಸಕ್ಕರೆ ತಿಂದೋನು ನಾನು, ಅದು ನನ್ ಕಣ್ಣು ತಿಂತು," ಎಂದು ನಗುತ್ತಾರೆ.

ಅರವತ್ಮೂರರ ಈ ಮಾಜಿ ಹಮಾಲಿಗೆ ಹಮ್ಮಂತೂ ಇಲ್ಲ. ಹಗಲೆಲ್ಲ ಕೈತಡವಿ ಎಂಬತ್ತು ಚೀಲಗಳ ಬಾಯಿ ಹೊಲಿಯುತ್ತಾರೆ. ಬೆಳಗಿನ ಈ ಎರಡು ತಾಸು ಮಾತ್ರ ಅವರ ಬಾಯಿಗೆ ಹೊಲಿಗೆಯಿಲ್ಲ. ಬಾರ್ ಮೊಣಕಾಲಿಗೆ ತಾಗಿದರೆ 'ಠಣ್', ಹಿಮ್ಮಡಿ ಬೇಗ ಎದ್ದರೆ 'ಚುರ್ರ್' ಎಂದು ಶಿಷ್ಯರ ತಪ್ಪನ್ನು ನಾಲಿಗೆಯಲ್ಲೇ ಅಣಕಿಸುತ್ತಾರೆ. ಕಲಿಸುವುದು ವೇಟ್‌ಲಿಫ್ಟಿಂಗಿನ 'ಕ್ಲೀನ್' ಎಂಬ ಪಟ್ಟು. ನೆಲದ ಬಾರನ್ನು ಒಂದೇ ನೆಗೆತಕ್ಕೆ ಹೆಗಲಿಗೇರಿಸುವುದು. ಹೆಸರು ಕ್ಲೀನ್ ಎಂಬುದು ಗೋದಾಮಿನ ಧೂಳಿಗೆ ಗೊತ್ತಿಲ್ಲ.

"ಕೈ ಬರೀ ಹಗ್ಗ, ಎಳೀಬ್ಯಾಡ. ಬಾರು ತೊಡೆಗೆ ಬರೋಗಂಟ ತಾಳು. ಆಮ್ಯಾಕೆ ನೆಲಾನ ಒದ್ದು ಅದ್ರ ಕೆಳಕ್ಕೆ ನುಗ್ಗು, ಎರಡು ಪಾದಾನೂ ಒಟ್ಟಿಗೇ ಬೀಳ್ಲಿ."

ಮಂಡಿಯವರು ಮಾತ್ರ ಮಾಡುವ ತಪ್ಪೊಂದಿದೆ. ಚೀಲ ಬಲಹೆಗಲಿಗೆ ಬೀಳಲೆಂದು ಹಮಾಲಿ ಕತ್ತನ್ನು ಎಡಕ್ಕೆ ವಾಲಿಸಿ ಜಾಗ ಮಾಡುತ್ತಾನೆ. ಬಾರ್ ಹಿಡಿದಾಗಲೂ ಅದೇ ವಾಲು, ಎಡಗಾಲು ತಡ. ಕರಿಸಿದ್ದಪ್ಪನವರ ಜೊತೆಗಾರ ಅಂಜಿ ಹಾಗೇ ಎತ್ತುತ್ತಿದ್ದ. ಹದಿನಾರು ವರ್ಷದ ಹಿಂದೆ ಇದೇ ಜಾಗದಲ್ಲಿ ಬಾರ್ ವಾಲಿ ಅವನ ಬೆನ್ನುಮೂಳೆ ಮುರಿಯಿತು. ತಿಂಗಳೊಳಗೆ ಅಂಜಿ ತೀರಿಕೊಂಡ.

ಈಗ ಎತ್ತುತ್ತಿರುವ ಬನಶ್ರೀ ಅವನ ಮಗಳು. ಆಗ ಹನ್ನೊಂದು ತಿಂಗಳ ಕೂಸು, ಬೆಳೆದದ್ದು ತಾಯಿಯ ಊರು ಕಲ್ಯಾಣದುರ್ಗದಲ್ಲಿ. ಈ ಪಟ್ಟು ಕಲಿಯಲೆಂದೇ ಇಲ್ಲಿಗೆ ಬಂದವಳು. ಚೀಲ ಹೊತ್ತವಳಲ್ಲ, ಅಪ್ಪನ ಮುಖದ ನೆನಪೂ ಇಲ್ಲ.

"ಮೊದಲ್ನೇ ದಿನ ಎತ್ತಿದ್ಲು. ಟಪ್ಪು, ಟಪ್ಪು. ಮೈ ಜುಮ್ಮಂತು. ಅದು ಅಂಜಿ ಕಾಲ್ಸದ್ದು ಕಣಪ್ಪ," ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ ಕರಿಸಿದ್ದಪ್ಪ.

ಭಾನುವಾರ ಕಲ್ಯಾಣದುರ್ಗದಲ್ಲಿ ಆಯ್ಕೆ ಸ್ಪರ್ಧೆ. ಒಂದೇ ಸದ್ದು ಬರುವವರೆಗೆ ಮೂವತ್ತು ಕೆ.ಜಿ. ದಾಟಿಸುವುದಿಲ್ಲ, ಸ್ಪರ್ಧೆಗೂ ಕಳಿಸುವುದಿಲ್ಲ ಎಂದು ಕರಿಸಿದ್ದಪ್ಪ ತಾತನ ಹಟ.

"ಏಮ್ ತಾತಾ, ಕಿವೀಗೂ ಷುಗರ್ ಬಂತಾ? ಒಂದೇ ಬಿತ್ತು!"

"ನಿಂಗೆ ಒಂದು, ನಂಗೆ ಎರಡು. ಎತ್ತು."

ಇಪ್ಪತ್ಮೂರನೇ ಸಲ. ಬಾರ್ ತೊಡೆ ಸವರುತ್ತದೆ, ಮೊಣಕೈ ಮುಂದಕ್ಕೆ ಚಿಮ್ಮುತ್ತದೆ. ಟಪ್. ಒಂದೇ. ಬನಶ್ರೀ ಬಾರ್ ಹೊತ್ತು ಅಲುಗದೆ ನಿಂತಿದ್ದಾಳೆ.

ಆಗ ಅವಳ ಎಡಕ್ಕೆ, ಯಾರೂ ಇಲ್ಲದ ಚೀಲಗಳ ಸಂದಿಯಿಂದ: ಟಪ್.

"ತಿರುಗ್ಬ್ಯಾಡ. ಮುಂದೆ ನೋಡು," ಕರಿಸಿದ್ದಪ್ಪನವರ ದನಿ ಮೆತ್ತಗಾಗಿದೆ. "ನಿಂದು ಒಂದೇ ಬಿತ್ತು. ತಡ ಮಾಡ್ದೋನು ಅವ್ನು, ನಿಮ್ಮಪ್ಪ."

ಬಾರ್ ನೆಲಕ್ಕಿಳಿಯುತ್ತದೆ. ಅವರು ದಬ್ಬಣಕ್ಕೆ ದಾರ ಪೋಣಿಸತೊಡಗುತ್ತಾರೆ.

"ಭಾನುವಾರ ನಾನೂ ಬತ್ತೀನಿ. ಆ ಒಂದು ಸದ್ದು ನಿಮ್ಮೂರಾಗೂ ಕೇಳ್ಬೇಕು. ಬಸ್ಸಿಗೆ ಎರಡೇ ಟಿಕೀಟು ತಕ್ಕೊ ಕಣಮ್ಮ. ಅವ್ನು ಇಲ್ಲೇ ಇರ್ಲಿ."