ಹುಳುವಿಗೆ ಮೊದಲ ಕೋಣೆ

ರಾಮನಗರದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಇಬ್ಬರೇ, ನಾನು ಮತ್ತು ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳತಿ. ಮನೆಗಳ ನಕ್ಷೆ ಬರೆಯುವುದು ಕಸುಬು. ಊರವರ ಬಾಯಲ್ಲಿ ನಾವು ‘ಇಂಜಿನಿಯರಮ್ಮ’. ಆರ್ಕಿಟೆಕ್ಟ್ ಎಂದು ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೆ. ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ರೇಷ್ಮೆ ಬೆಳೆಯುವವರು. ಹಾಗಾಗಿ ನಮ್ಮದೊಂದು ಹಟ: ಕಾಗದದ ಮೇಲೆ ಮೊದಲು ಹುಳುವಿನ ಕೋಣೆ, ಉಳಿದ ಜಾಗದಲ್ಲಿ ಮನುಷ್ಯರು. ನಾನು ಬೆಳೆದದ್ದೇ ಹಾಗೆ. ಹುಳುವಿಗೆ ಪಡಸಾಲೆ ಬಿಟ್ಟುಕೊಟ್ಟು ನಾವು ಮಕ್ಕಳು ಜಗಲಿಯಲ್ಲಿ ಮಲಗುತ್ತಿದ್ದೆವು. ಹುಳುವಿಗೆ ಸೆಖೆಯಾದರೆ ಅಮ್ಮ ಕಂಗಾಲು. ನಮಗೆ ಸೆಖೆ ಎಂದರೆ, ಸುಮ್ಮನೆ ಬಿದ್ದುಕೊಳ್ಳಿ ಎನ್ನುತ್ತಿದ್ದಳು.

ನಾನು ಹುಟ್ಟಾ ಪುಕ್ಕಲಿ. ಕಟ್ಟಿಸಿದ ಪ್ರತಿ ಮನೆಯಲ್ಲೂ ಮೊದಲ ಬೆಳೆ ಕೈಗೆ ಬರುವ ತನಕ ನನಗೆ ಅನ್ನ ಸೇರುತ್ತಿರಲಿಲ್ಲ. “ಗೂಡು ಕಟ್ಟೋದು ಹುಳ ಕಣೇ, ನೀನಲ್ಲ” ಎಂದು ಗೆಳತಿ ಛೇಡಿಸುತ್ತಿದ್ದಳು.

ಕೂಟಗಲ್ ಕಡೆ ಒಂದು ತೋಟದ ಮನೆ ಮಾಡಿಕೊಟ್ಟೆವು. ಗಂಡ ಹೋದ ಮೇಲೆ ಬೇಸಾಯವನ್ನೆಲ್ಲ ತಾನೇ ನೋಡುತ್ತಿದ್ದ ಗಟ್ಟಿಗಿತ್ತಿ, ಅವಳ ಮಗ, ಸೊಸೆ. ಗಾಳಿ ಬರುವ ಪಡುವಣಕ್ಕೆ ಹುಳುವಿನ ದೊಡ್ಡ ಕೋಣೆ, ಗೋಡೆಯುದ್ದಕ್ಕೂ ಜಾಲರಿ ಕಿಟಕಿ. ಮೂಡಲಿಗೆ ಮಲಗುವ ಸಣ್ಣ ಕೋಣೆ. ಕೆಲವು ಬೆಳೆ ಚೆನ್ನಾಗಿಯೇ ಬಂದವು. ಅಷ್ಟರಲ್ಲಿ ಪಡುವಣದ ಪಕ್ಕದವರ ಹೊಲ ಮಾರಾಟವಾಗಿ ಅಲ್ಲೊಂದು ಫ್ಯಾಕ್ಟರಿ ಎದ್ದಿತು. ಆಗೆಲ್ಲ ಹೈವೇ ಬಿಟ್ಟು ಒಳಒಳಗೂ ಅವು ಏಳುತ್ತಲೇ ಇದ್ದವು.

ಒಂದು ಬೆಳಿಗ್ಗೆ ಆ ಗಟ್ಟಿಗಿತ್ತಿಯ ಫೋನು. “ಇಂಜಿನಿಯರಮ್ಮ, ನಾಕನೇ ಜ್ವರ ಎದ್ದಿರೋ ಹುಳ, ಸೊಪ್ಪು ಮೂಸ್ತಾ ಇಲ್ಲ. ಒಸಿ ಬಂದೋಗವ್ವ.”

ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಅದು ಬಿಡುವಿಲ್ಲದೆ ತಿನ್ನಬೇಕು, ಇಲ್ಲದಿದ್ದರೆ ಬೆಳೆ ಕೈಬಿಟ್ಟಂತೆಯೇ. ಸಿಕ್ಕ ಬಸ್ಸು ಹತ್ತಿದೆ.

ಮುಡಿದ ಮಲ್ಲಿಗೆಯನ್ನು ಹೊರಗೇ ತೆಗೆದಿಟ್ಟು ಒಳಗೆ ಹೋದೆ. ಹುಳುವಿಗೆ ಯಾವ ವಾಸನೆಯೂ ಆಗದು. ಎಲೆ ಮೇಯುವ ಸರಸರ ಸದ್ದಿಲ್ಲ. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿ ಅಲ್ಲಾಡಿಸುತ್ತಿದ್ದವು. ಕಿಟಕಿಯಿಂದ ತಣ್ಣನೆ ಗಾಳಿ, ಅದರ ತುಂಬ ಫ್ಯಾಕ್ಟರಿಯಿಂದ ಬರುವ, ಪೇಂಟಿಗೆ ಬೆರೆಸುವ ಥಿನ್ನರಿನ ಘಾಟು.

ಕಿಟಕಿ ಮುಚ್ಚಿಸಿದೆ. ಸ್ವಲ್ಪ ಹೊತ್ತಿಗೇ ಕೋಣೆ ಕಾದುಹೋಯಿತು. ತೆರೆಸಿದೆ, ಮತ್ತೆ ಘಾಟು. ಮುಚ್ಚಿದರೂ ಸಾವು, ತೆರೆದರೂ ಸಾವು. ಆಕೆ ಹೋಗಿ ಮೂಡಲ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಸೊಸೆ ಹಸುಗೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು.

“ಏಳವ್ವ, ಮಗೀನ ಎತ್ಕೊ. ಆ ಕಡೀಕೆ ಮಲೀಕೊ.”

ಆಕೆಯ ಮಗ, ನಾನು, ಆಕೆ, ಮೂವರೂ ತಟ್ಟೆ ಹೊತ್ತೆವು. ಮೂಡಲ ಕೋಣೆಗೆ ಘಾಟು ಹಾಯುತ್ತಿರಲಿಲ್ಲ. ತಟ್ಟೆಗಳನ್ನೆಲ್ಲ ಒತ್ತೊತ್ತಾಗಿ ಜೋಡಿಸಿದ ಮೇಲೆ ಅಲ್ಲಿ ಕಾಲಿಡಲೂ ಜಾಗ ಉಳಿಯಲಿಲ್ಲ. ಹೊಸ ಸೊಪ್ಪು ಹಾಕಿ ಕಾದೆವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಮೂಲೆಯಿಂದ ಸರಸರ ಶುರುವಾಯಿತು. ಆಮೇಲೆ ಎಲ್ಲ ತಟ್ಟೆಗಳಲ್ಲೂ. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಬದುಕಿದೆವು ಅಂದುಕೊಂಡೆ.

ಆಕೆ ಅಳಲಿಲ್ಲ, ನಗಲೂ ಇಲ್ಲ. ಪಡುವಣದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಖಾಲಿಯಾದ ನೆಲದ ಮೇಲೆ ಚಾಪೆ ಹಾಸಿ ಸೊಸೆ ಮಲಗಿದ್ದಳು. ಅಡಿಗೆಮನೆ ತುಂಬ ಸೌದೆ ಹೊಗೆ, ಜಗಲಿ ಫ್ಯಾಕ್ಟರಿಗೇ ಎದುರು. ಅವಳಿಗೆ ಬೇರೆ ಜಾಗವೇ ಇರಲಿಲ್ಲ. ಕಿಟಕಿಯ ಅದೇ ಘಾಟಿನ ಗಾಳಿಗೆ ಮಗು ಹಾಯಾಗಿ ನಿದ್ದೆ ಹೋಗಿತ್ತು.

“ಹುಳ ಉಣ್ಣಾಕಿಲ್ಲ ಅಂತು, ಎತ್ತಿ ಆ ಕಡೀಕೆ ಇಟ್ವು” ಅಂದಳು, ನನ್ನ ಕಡೆ ತಿರುಗದೆ. “ಇದು ಏನೂ ಅನ್ನಾಕಿಲ್ವಲ್ಲವ್ವ. ಇದಕ್ಕೆ ಎಲ್ಲಿ ಬರ್ಕೊಡ್ತೀಯ ಕ್ವಾಣೆಯ?”

ನಾನು ಬರೆದ ಮನೆಯಲ್ಲಿ ಇನ್ನೊಂದು ಕೋಣೆ ಇರಲಿಲ್ಲ.