ಬಾಣದಕ್ಕೋರು

ಶಾಂತಕ್ಕೋರು ಆಟ ನೋಡುತ್ತ ಚಪ್ಪಾಳೆ ತಟ್ಟಿದ್ದನ್ನು ಯಾರೂ ಕಂಡಿಲ್ಲ. ಹಳಿಯಾಳದ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದ ಅವರು, ನಮ್ಮ ಕಡೆ ಎಲ್ಲಿ ಬಾಸ್ಕೆಟ್‌ಬಾಲ್ ನಡೆದರೂ ಸ್ಕೋರ್ ಬರೆಯುವ ಮೇಜಿನ ತುದಿಗೆ ಕೂತಿರುತ್ತಿದ್ದರು. ಮುಂದೆ ಕೆಂಪು ಬಣ್ಣದ ಕಟ್ಟಿಗೆಯ ಬಾಣ. ಎರಡೂ ತಂಡದವರು ಚೆಂಡನ್ನು ಒಟ್ಟಿಗೇ ಬಿಗಿಹಿಡಿದು ಬಿಡದಿದ್ದಾಗ, ಅದು ಯಾರಿಗೆಂದು ಹೇಳುವುದು ಆ ಬಾಣ; ಅದು ಯಾವ ಬುಟ್ಟಿಯತ್ತ ತಿರುಗಿದೆಯೋ, ಆ ಬುಟ್ಟಿಗೆ ಎಸೆಯುವ ತಂಡಕ್ಕೆ ಚೆಂಡು. ಒಮ್ಮೆ ಇವರಿಗೆ, ಮುಂದಿನ ಸಲ ಅವರಿಗೆ. ನಾವು ಹುಡುಗಿಯರು ಅವರನ್ನು ಬಾಣದಕ್ಕೋರು ಎನ್ನುತ್ತಿದ್ದೆವು.

ತಂಡಗಳಿಗೆ ಚಹಾ ಬಂದಾಗ ಕರೆದರೂ ಏಳುತ್ತಿರಲಿಲ್ಲ. "ಒಬ್ಬರ ಚಾ ಕುಡದ್ರ ಇನ್ನೊಬ್ಬರು ಏನ್ ಅಂದ್ಕೋತಾರವಾ? ನಂಗ ಇಲ್ಲೇ ಛಲೋ ಐತಿ," ಎನ್ನುತ್ತಿದ್ದರು.

ದಾಂಡೇಲಿಯಲ್ಲಿ ಫೈನಲ್. ನಾನು ದಾಂಡೇಲಿ ತಂಡದಲ್ಲಿದ್ದೆ. ಎದುರಿಗೆ ಅಕ್ಕೋರ ಶಾಲೆಯ ಹುಡುಗಿಯರು. ಕೊನೆಯ ಗಳಿಗೆಯಲ್ಲಿ ಅವರು ಒಂದು ಅಂಕ ಮುಂದಿದ್ದರು. ಆಗ ನಾನೂ ಅವರ ಹುಡುಗಿಯೊಬ್ಬಳೂ ಚೆಂಡಿಗೆ ಜೋತುಬಿದ್ದೆವು. ಬಾಣ ಹಳಿಯಾಳದವರು ಎಸೆಯುವ ಬುಟ್ಟಿಯ ಕಡೆಗಿತ್ತು. ರೆಫ್ರಿ ಚೆಂಡನ್ನು ಅವರಿಗೆ ಕೊಡುವಷ್ಟರಲ್ಲಿ ಅಕ್ಕೋರು ಎದ್ದು ನಿಂತರು.

"ತಪ್ಪಾಗೇತ್ರಿ. ಅರ್ಧ ಆಟ ಮುಗದು ಬುಟ್ಟಿ ಬದಲಾದಾಗ ಬಾಣ ತಿರುಗಿಸೂದ ಮರತೇನಿ. ಚೆಂಡು ದಾಂಡೇಲಿಯವರದು."

ಚೆಂಡು ನಮಗೆ ಬಂತು. ನಾನು ಎಸೆದೆ, ಬುಟ್ಟಿಗೆ ಬಿತ್ತು. ಗೆದ್ದೆವು.

ಹಳಿಯಾಳದ ತಂಡದ ಮಾಸ್ತರರು ಎಲ್ಲರೆದುರೇ ಕೇಳಿದರು: "ಯಾರೂ ನೋಡಿದ್ದಿಲ್ಲ. ಸುಮ್ಮ ಇರಬಾರದಿತ್ತೇನ್ರಿ ಅಕ್ಕೋರ?"

"ನನಗ ಗೊತ್ತಿತ್ತಲ್ರಿ, ಸರ್."

ಅಳುತ್ತಿದ್ದ ಹುಡುಗಿಯರು ಅವರತ್ತ ನೋಡಲಿಲ್ಲ. ತಂಡದ ಟೆಂಪೊ ಅವರನ್ನು ಬಿಟ್ಟೇ ಹೊರಟಿತು. ಸಂಜೆ ನಾವು ಪೇಢೆ ತಿನ್ನುತ್ತ ಬಸ್ ಸ್ಟ್ಯಾಂಡಿನ ಮುಂದೆ ಹೋಗುವಾಗ, ಅಕ್ಕೋರು ಕಲ್ಲು ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮಾತಾಡಿಸಬೇಕೆನ್ನಿಸಿತು. ಗೆಳತಿಯರು ಕೈ ಹಿಡಿದೆಳೆದರು, ನಾನೂ ಹೋದೆ. ಮುಂದೆ ಯಾವ ಪಂದ್ಯಕ್ಕೂ ಅವರನ್ನು ಕರೆದಂತೆ ಕಾಣಲಿಲ್ಲ.

ವರ್ಷಗಳ ನಂತರ, ನಾನೇ ದೈಹಿಕ ಶಿಕ್ಷಕಿಯಾಗಿ ಮುಂಡಗೋಡಕ್ಕೆ ಹೋದಾಗ, ನಿವೃತ್ತರಾಗಿ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದ ಅವರನ್ನು ಹುಡುಕಿಕೊಂಡು ಹೋದೆ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಒಂದೇ ಕುರ್ಚಿ. ಅದನ್ನು ನನಗೆ ಕೊಟ್ಟು ತಾವು ಟ್ರಂಕಿನ ಮೇಲೆ ಕೂತರು.

"ದಾಂಡೇಲಿ ಫೈನಲ್‌ದಾಗ ಕಡೀ ಬುಟ್ಟಿ ಹಾಕಿದಾಕಿ ನಾನರೀ ಅಕ್ಕೋರ," ಎಂದೆ.

ಅಕ್ಕೋರು ಕೇಳಿದರು: "ನಮ್ಮ ಹುಡುಗ್ಯಾರು ಸಿಕ್ಕಿದ್ರೇನವಾ? ಇನ್ನೂ ನನ್ನ ಮ್ಯಾಲ ಸಿಟ್ಟ ಐತೇನು ಅವರಿಗೆ?"

"ಇಲ್ರಿ. ನಿಮ್ಮನ್ನ ಭಾಳ ನೆನಸ್ತಾರ."

"ಹಂಗಾದ್ರ ಛಲೋ ಆತು," ಎಂದು ಚಹಾಕ್ಕಿಡಲು ಎದ್ದರು.

ಆ ಮಳೆಗಾಲದಲ್ಲೇ ಅವರು ತೀರಿಕೊಂಡ ಸುದ್ದಿ ಬಂತು. ಹಳಿಯಾಳದ ಆ ಹುಡುಗಿಯರಲ್ಲಿ ಒಬ್ಬಳಿಗಾದರೂ ತಿಳಿಸಬೇಕೆಂದು ಫೋನ್ ಹಿಡಿದು ಕೂತೆ. ಆ ಫೈನಲ್ ನಂತರ ಅವರಲ್ಲಿ ಯಾರನ್ನೂ ನಾನು ಕಂಡೇ ಇರಲಿಲ್ಲ; ಒಬ್ಬಳ ಹೆಸರೂ ನನಗೆ ಗೊತ್ತಿರಲಿಲ್ಲ.